ಮೂರನೆಯ ಟಣ್

ಅಡುಗೆ ಸ್ಪರ್ಧೆಯಲ್ಲಿ ನರ್ಸಮ್ಮ ಈರುಳ್ಳಿ ಹೆಚ್ಚುತ್ತಿದ್ದಳು, ಸದ್ದು ಮಾತ್ರ ಎಲೆಕೋಸಿನ ದಂಟಿನದು. ಟೀವಿಯ ಮುಂದೆ ಕೂತ ನಾಲ್ವರಲ್ಲಿ ಈ ಗುಟ್ಟು ಗೊತ್ತಿದ್ದದ್ದು ಅವನಿಗೆ ಮತ್ತು ಮಗಳಿಗೆ ಮಾತ್ರ. ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದ ಹೆಂಡತಿ ಸೋಫಾದ ತುದಿಯಲ್ಲಿ ಕಾಲು ಚಾಚಿ, ಹಾಗೆ ಹಿಡಿದು ಹೆಚ್ಚಿದರೆ ಬೆರಳು ಹೋದೀತು ತಾಯಿ ಎಂದು ನರ್ಸಮ್ಮನಿಗೆ ಬುದ್ಧಿ ಹೇಳುತ್ತಿದ್ದಳು. ಅಪ್ಪ ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ, ಎರಡೂ ಅಂಗೈಗಳನ್ನು ಮಂಡಿಯ ಮೇಲಿಟ್ಟು, ಬಸ್ಸಿಗೆ ಕಾಯುವವರ ಹಾಗೆ ಕೂತಿದ್ದರು. ಅವನ ಜಾಗ ಎಲ್ಲರ ಹಿಂದೆ, ಊಟದ ಮೇಜಿನ ಪಕ್ಕ. ಅಲ್ಲಿಂದ ಯಾರ ಮುಖವೂ ಕಾಣುವುದಿಲ್ಲ, ಎಲ್ಲರ ಕಿವಿಗಳೂ ಕಾಣುತ್ತವೆ. ಮುಖಕ್ಕೆ ಸುಳ್ಳು ಹೇಳಲು ಬರುತ್ತದೆ, ಕಿವಿಗೆ ಆ ವಿದ್ಯೆ ಬರುವುದಿಲ್ಲ ಎಂಬುದು ಇಷ್ಟು ವರ್ಷ ಸದ್ದಿನ ಕೆಲಸ ಮಾಡಿ ಅವನು ಕಂಡುಕೊಂಡದ್ದು. ಬೇಸರವಾದರೆ ಹೆಂಡತಿಯ ಕಿವಿಯ ಓಲೆ ಸಣ್ಣಗೆ ಅಲ್ಲಾಡುತ್ತದೆ. ಅಪ್ಪನ ಎಡಗಿವಿ ಈಗೀಗ ಕಾರ್ಯಕ್ರಮ ಶುರುವಾದ ಕೂಡಲೇ ಕೆಂಪಾಗುತ್ತದೆ. ಅದನ್ನು ಗಮನಿಸಿದ್ದು ಅವನೊಬ್ಬನೇ, ಗಮನಿಸಿದ್ದಕ್ಕೆ ಅವನಿಗೆ ತನ್ನ ಮೇಲೇ ಸಿಟ್ಟಿತ್ತು.

ಸ್ಪರ್ಧೆ ನಡೆಯುವ ಆ ದೊಡ್ಡ ಶೆಡ್ಡಿನಲ್ಲಿ ಅಡುಗೆಯ ಸದ್ದು ಒಂದೂ ನೆಟ್ಟಗೆ ಕೇಳುವುದಿಲ್ಲ. ಫ್ಯಾನುಗಳ ಗುಂಯ್ಗುಡುವಿಕೆ, ವೈರು ಎಳೆಯುವವರ ಚಪ್ಪಲಿ, ಯಾರೋ ಯಾರನ್ನೋ ಬೈಯುವುದು; ಸ್ಪರ್ಧಿಗಳ ಕೊರಳಪಟ್ಟಿಗೆ ಸಿಕ್ಕಿಸಿದ ಮೈಕು ಅವರ ಮಾತು, ಏದುಸಿರು ಹಿಡಿದರೆ ಹೆಚ್ಚು. ಚಾಕು, ಎಣ್ಣೆ, ಬೆಂಕಿ, ಕುದಿತ ಎಲ್ಲವೂ ಆಮೇಲೆ ಬರುವುದು, ಬಚ್ಚಲಿನಷ್ಟೇ ಅಗಲದ, ಗೋಡೆಗೆಲ್ಲ ಸ್ಪಂಜು ಬಡಿದ ಅವನ ಕೋಣೆಯಿಂದ. ಬಾಣಲೆಗೆ ಮೀನು ಬಿದ್ದರೆ ಅವನು ಕಾದ ಇಸ್ತ್ರಿಪೆಟ್ಟಿಗೆಗೆ ಒದ್ದೆ ಬಟ್ಟೆ ತಾಗಿಸುತ್ತಾನೆ. ಹಿಟ್ಟು ನಾದಿದರೆ ನೆನೆಸಿಟ್ಟ ಚರ್ಮದ ಚೀಲ ಹಿಸುಕುತ್ತಾನೆ. ಸೂಪು ಕುದಿಯಬೇಕಾದರೆ ಬಕೆಟ್ಟಿನ ನೀರಿಗೆ ಕೊಳವೆ ಇಟ್ಟು ಊದುತ್ತಾನೆ. ಜನ ಬಾಯಲ್ಲಿ ನೀರೂರಿಸಿಕೊಂಡು ಕೇಳುವುದು ಅವನ ಉಸಿರನ್ನು. ಕಚೇರಿಯಲ್ಲಿ ಅವನಿಗೆ ಸದ್ದಪ್ಪ ಎಂದು ಹೆಸರು. ಎದುರಿಗೇ ಕರೆಯುತ್ತಾರೆ, ಅವನು ನಗುತ್ತಾನೆ. ಕೊನೆಯಲ್ಲಿ ಓಡುವ ಹೆಸರುಗಳಲ್ಲಿ ಅವನದು ಡ್ರೈವರುಗಳಾದ ಮೇಲೆ ಬರುತ್ತದೆ, ಅಷ್ಟು ಹೊತ್ತಿಗೆ ಹೆಂಡತಿ ತಟ್ಟೆ ಇಡಲು ಎದ್ದಿರುತ್ತಾಳೆ.

ಮಗಳಿಗೆ ಇದೆಲ್ಲ ಒಂದು ಆಟ. ಪರದೆಯ ಮೇಲೆ ಏನಾದರೂ ಚುಂಯ್ ಎಂದರೆ ಸಾಕು, ಇಸ್ತ್ರಿಪೆಟ್ಟಿಗೆ ಎಂದು ಬೆರಳು ಮಡಚುತ್ತಾಳೆ. ಬಸ್ ಕಂಡಕ್ಟರು ರೊಟ್ಟಿ ಮುರಿದರೆ, ಒಣಗಿದ ಎಲೆ ಎನ್ನುತ್ತಾಳೆ. ಈ ಕಂಡಕ್ಟರು ಮತ್ತು ಈ ನರ್ಸಮ್ಮ, ಇಬ್ಬರೇ ಈಗ ಕೊನೆಯ ಸುತ್ತಿಗೆ ಹತ್ತಿರ ಉಳಿದವರು. ಮಗಳು ಕಂಡಕ್ಟರಿನ ಪಕ್ಷ, ಹೆಂಡತಿ ನರ್ಸಮ್ಮನ ಪಕ್ಷ, ಇದೇ ಕಾರಣಕ್ಕೆ ತಾಯಿ ಮಗಳು ಒಮ್ಮೆ ಮಾತು ಬಿಟ್ಟದ್ದೂ ಉಂಟು. ಜಾಹೀರಾತು ಬಂದಾಗ ರಿಮೋಟು ಒತ್ತಿ ಸದ್ದು ಮುಚ್ಚುವುದೂ ಮಗಳ ಕೆಲಸ. ಇಡೀ ದಿನ ಸದ್ದಿನಲ್ಲೇ ಬಿದ್ದು ಬಂದವನ ಕಿವಿಗೆ ಅಷ್ಟಾದರೂ ಬಿಡುವು ಬೇಡವೇ ಎಂದು ಅಮ್ಮ ಶುರು ಮಾಡಿಸಿದ ರೂಢಿ ಅದು. ಅಮ್ಮ ಹೋದ ಮೇಲೂ ಯಾರೂ ಬಿಡಲಿಲ್ಲ. ಪರದೆಯ ಮೇಲೆ ಸೋಪು, ಕಾರು, ಹಲ್ಲು ತೋರಿಸುವ ಜನ ಮೂಕರಾಗಿ ಹಾದು ಹೋಗುತ್ತಾರೆ, ಮನೆಯಲ್ಲಿ ಗೋಡೆ ಗಡಿಯಾರವೊಂದೇ ಮಾತಾಡುತ್ತದೆ.

ಮೀಸೆಯ ತೀರ್ಪುಗಾರ ನರ್ಸಮ್ಮನ ಬಟ್ಟಲಿನ ಮುಂದೆ ನಿಂತ. ಚಮಚದ ತುದಿಯಲ್ಲಿ ಇಷ್ಟೇ ಇಷ್ಟು ತೆಗೆದು ಬಾಯಿಗಿಟ್ಟು ಕಣ್ಣು ಮುಚ್ಚಿದ. ಹೆಂಡತಿ ಕಾಲು ಮಡಚಿಕೊಂಡಳು, ಮಗಳು ದಿಂಬನ್ನು ಅವುಚಿಕೊಂಡಳು. ಅವನಿಗೆ ಮಾತ್ರ ಮುಂದೆ ಬರುವುದು ಗೊತ್ತಿತ್ತು. ತೀರ್ಪುಗಾರ ಚಮಚವನ್ನು ಬಟ್ಟಲಿನ ಅಂಚಿಗೆ ತಾಗಿಸಿದ. ಟಣ್, ಟಣ್.

"ಬಂದೆ, ಬಂದೆ," ಎಂದು ಅಪ್ಪ ಎದ್ದರು.

ಹೆಂಡತಿ ತಿರುಗಿ ನೋಡಲಿಲ್ಲ, ರಿಮೋಟು ತೆಗೆದುಕೊಂಡು ಟೀವಿಯ ಸದ್ದನ್ನು ಒಂದೊಂದೇ ಮೆಟ್ಟಿಲು ಇಳಿಸಿದ ಹಾಗೆ ಇಳಿಸಿದಳು. ಅಪ್ಪ ಗೋಡೆ ಹಿಡಿದು ಒಳಕೋಣೆಗೆ ಹೋದರು. ಅಮ್ಮ ಮಲಗುತ್ತಿದ್ದ ಕೋಣೆ ಅದು. ಈಗ ಅಲ್ಲಿ ಹಾಸಿಗೆ ಸುತ್ತಿಟ್ಟ ಕಬ್ಬಿಣದ ಮಂಚ, ಮಗಳ ಹಳೆಯ ಪುಸ್ತಕಗಳು, ಹೊಲಿಗೆ ಯಂತ್ರ. ಏನು ಬೇಕು, ನೀರಾ, ಕಿಟಕಿ ಹಾಕಲಾ ಎಂದು ಅಪ್ಪ ಕೇಳುವುದು ಕೇಳಿಸಿತು. ಆಮೇಲೆ ಸುಮ್ಮನಾದರು, ಉತ್ತರ ಕೇಳಿಸಿಕೊಳ್ಳುವವರು ಸುಮ್ಮನಾಗುವಷ್ಟು ಹೊತ್ತು. ವಾಪಸು ಬಂದಾಗ ಮುಖದಲ್ಲಿ ದುಃಖವಿರಲಿಲ್ಲ, ಗಾಬರಿಯಿರಲಿಲ್ಲ. ಕೆಲಸ ಮುಗಿಸಿ ಬಂದವರ ಮುಖ. ಕುರ್ಚಿಯಲ್ಲಿ ಕೂತು ಅಂಗೈಗಳನ್ನು ಮಂಡಿಯ ಮೇಲಿಟ್ಟುಕೊಂಡು, "ಏನೂ ಬೇಡವಂತೆ, ಸುಮ್ಮನೆ ಕರೆದಳಂತೆ" ಎಂದರು. ಪ್ರತಿಸಲವೂ ಇದೇ ಮಾತು.

ಮಗಳು ಹಿಂದೆ ತಿರುಗಿ ಅವನನ್ನು ಕೇಳಿದಳು. ಈ ಟಣ್ ಟಣ್ ಒಂದನ್ನು ಮಾತ್ರ ನೀನು ಹೇಳ್ತಾನೇ ಇಲ್ಲ ಅಪ್ಪ, ಯಾವುದರಿಂದ ಮಾಡಿದ್ದು ಎಂದಳು. ಲೋಟ ಎಂದ. ಯಾವ ಲೋಟ ಎಂದಳು. ಯಾವುದೋ ಒಂದು ಲೋಟ, ಮುಂದೆ ನೋಡು ಎಂದ. ತನ್ನ ದನಿ ಬೇಕಾದ್ದಕ್ಕಿಂತ ಜೋರಾದದ್ದು ಅವನಿಗೇ ಕೇಳಿಸಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನು ಕಿವಿ ಮುಟ್ಟಿ ನೋಡಿಕೊಂಡ, ಬಿಸಿಯಾಗಿತ್ತು.

ಲೋಟ ಅಡುಗೆಮನೆಯ ಗೂಡಿನಲ್ಲಿ ಇರಲಿಲ್ಲ, ಒಳಕೋಣೆಯ ಕಿಟಕಿಯ ಮೇಲೆ ಬೋರಲಾಗಿತ್ತು, ಅಮ್ಮ ಹೋದ ದಿನ ಹೆಂಡತಿ ತೊಳೆದು ಇಟ್ಟ ಹಾಗೇ. ಅಮ್ಮ ಹಾಸಿಗೆ ಹಿಡಿದಾಗ ಮೊದಲು ಹೋದದ್ದು ದನಿ. ಅಪ್ಪನಿಗೆ ಅದಕ್ಕೂ ಮೊದಲೇ ಮಾತು ಕೇಳುವುದು ನಿಂತಿತ್ತು. ದನಿಯಿಲ್ಲದ ಹೆಂಡತಿ, ಕಿವಿಯಿಲ್ಲದ ಗಂಡ, ಒಳ್ಳೆ ಜೋಡಿ ಎಂದು ಅಮ್ಮ ಸನ್ನೆಯಲ್ಲೇ ನಕ್ಕಿದ್ದಳು. ಆದರೆ ಅಪ್ಪ ತಂತಿ ಕಚೇರಿಯಲ್ಲಿ ತಲೆ ನರೆಸಿಕೊಂಡವರು. ಮಾತು ಒಳಗೆ ಹೋಗದ ಆ ಕಿವಿಗೆ ಕಟ್ ಕಡ ಕಟ್ ಈಗಲೂ ಹೋಗುತ್ತಿತ್ತು. ಅವರೇ ಅಮ್ಮನ ಕೈಗೆ ಸ್ಟೀಲಿನ ಲೋಟ, ಚಮಚ ಕೊಟ್ಟು ಏರ್ಪಾಡು ಮಾಡಿದರು: ಎರಡು ಬಡಿದರೆ ನಾನು, ಮೂರು ಬಡಿದರೆ ಮಗ. ಒಂದು ಬಡಿದರೆ ಸೊಸೆ ಎಂದರೆ ಅಮ್ಮ ತಲೆಯಾಡಿಸಿ ಬೇಡವೆಂದಳು; ಸೊಸೆಯನ್ನು ಬಡಿದು ಕರೆಯಬಾರದಂತೆ. ಅದನ್ನು ಹೆಂಡತಿ ಅಂಗಡಿಯಲ್ಲೆಲ್ಲ ಹೇಳಿಕೊಂಡು ಕಣ್ಣೀರು ಹಾಕಿದ್ದಳು. ಅಪ್ಪ ಎಂದೂ ಎರಡಕ್ಕೂ ಮೂರಕ್ಕೂ ಗಲಿಬಿಲಿ ಮಾಡಿಕೊಂಡವರಲ್ಲ. ಮೂರು ಬಿದ್ದರೆ ಕುರ್ಚಿಯಿಂದ ಅಲ್ಲಾಡದೆ, ನಿನಗೆ ಕಣೋ ಎನ್ನುತ್ತಿದ್ದರು, ತಂತಿ ಬಂದ ಮನೆಯ ಬಾಗಿಲಲ್ಲಿ ನಿಂತು ಹೆಸರು ಕೂಗುವವರ ಹಾಗೆ.

ಆ ಸದ್ದು ಸಿಕ್ಕ ಸಂಜೆ ಅಪ್ಪ ಔಷಧಿ ಅಂಗಡಿಗೆ ಹೋಗಿದ್ದರು. ಅಡುಗೆಮನೆಯಲ್ಲಿ ಅವನು ಮೈಕು ಇಟ್ಟು, ಬೋರಲು ಹಾಕಿದ ಮುಚ್ಚಳದ ಮೇಲೆ ನಲ್ಲಿಯ ನೀರು ತೊಟ್ಟು ತೊಟ್ಟಾಗಿ ಬೀಳುವುದನ್ನು ಹಿಡಿಯುತ್ತಿದ್ದ. ಕಚೇರಿಯ ನಲ್ಲಿಗೆ ಆ ಗುಣವಿರಲಿಲ್ಲ. ತೊಟ್ಟುಗಳ ನಡುವೆ ಒಳಗಿನಿಂದ ಸದ್ದು ಬಂತು, ಟಣ್, ಟಣ್, ಟಣ್. ಹಿಡಿದದ್ದು ಹಾಳಾಯಿತು. ಅವನು ಹಲ್ಲು ಕಚ್ಚಿ ಮತ್ತೆ ಶುರು ಮಾಡಿದ. ಮತ್ತೆ ಟಣ್, ಟಣ್, ಟಣ್. ಈ ಸಲ ಹೆಡ್‌ಫೋನಿನಲ್ಲಿ ಅದು ಹತ್ತಿರ ಬಂದು ಕೇಳಿಸಿತು, ಮೊದಲ ಪೆಟ್ಟು ಗಟ್ಟಿ, ಎರಡನೆಯದು ಸ್ವಲ್ಪ ತಡ, ಮೂರನೆಯದು ಕೈ ಸೋತು ಲೋಟದ ಅಂಚಿನಲ್ಲಿ ಜಾರಿ ಉದ್ದಕ್ಕೆ ಉಳಿದದ್ದು. ಎಂಥ ಒಳ್ಳೆಯ ಸದ್ದು ಎಂದುಕೊಂಡ. ನಿಜ ಹೇಳಬೇಕೆಂದರೆ ಅಷ್ಟೇ ಅಂದುಕೊಂಡದ್ದು. ನೀರಿನ ತೊಟ್ಟುಗಳನ್ನು ಮನಸ್ಸಿಗೆ ಸಮಾಧಾನವಾಗುವಷ್ಟು ಹಿಡಿದು, ವೈರು ಸುತ್ತಿಟ್ಟು ಕೋಣೆಗೆ ಹೋದಾಗ ಅಮ್ಮ ಚಮಚ ಹಿಡಿದುಕೊಂಡೇ ನಿದ್ದೆ ಹೋಗಿದ್ದಳು. ಎಬ್ಬಿಸಲಿಲ್ಲ. ಏನು ಬೇಕಿತ್ತೆಂದು ಎದ್ದ ಮೇಲೆ ಕೇಳಿದರಾಯಿತು ಎಂದುಕೊಂಡ, ಕೇಳಲು ಮರೆತ. ಆ ವಾರವೇ ಅಮ್ಮ ಹೋದಳು. ನೀರಿನ ಸದ್ದು ಎಲ್ಲಿಯೂ ಬಳಕೆಯಾಗಲಿಲ್ಲ.

ಲೋಟದ್ದಾಯಿತು. ತೀರ್ಪಿನ ಹೊತ್ತಿಗೆ ಏನಾದರೂ ಬೇಕು, ಜನ ಉಸಿರು ಹಿಡಿಯುವಂಥದ್ದು ಎಂದು ನಿರ್ದೇಶಕ ಕೇಳಿದಾಗ ಕೈ ತಾನಾಗಿ ಆ ಸಂಜೆಯ ಸದ್ದಿನ ಕಡತಕ್ಕೆ ಹೋಯಿತು. ಚಮಚ ಅಂಚಿಗೆ ತಾಗುವ ಚಿತ್ರ ಗಿಡ್ಡವಿತ್ತು, ಮೂರು ಪೆಟ್ಟು ಹಿಡಿಸಲಿಲ್ಲ. ಮೂರನೆಯದನ್ನು ಕತ್ತರಿಸಿದ. ಕತ್ತರಿಸಿದರೆ ಅದು ಅಪ್ಪನನ್ನು ಕರೆಯುವ ಕರೆಯಾಗುತ್ತದೆ ಎಂಬುದು ಹೊಳೆಯಲೇ ಇಲ್ಲ. ಇಷ್ಟು ಸಣ್ಣ ವಿಷಯ ಹೊಳೆಯದೆ ಹೋದದ್ದು ಹೇಗೆ ಎಂದು ಈಗ ದಿನಕ್ಕೊಂದು ಸಲ ಕೇಳಿಕೊಳ್ಳುತ್ತಾನೆ. ಕಚೇರಿಯಲ್ಲಿ ಎಲ್ಲರೂ ಬೆನ್ನು ತಟ್ಟಿದರು. ಸದ್ದಪ್ಪ ಸದ್ದಿಲ್ಲದೆ ಗೆದ್ದುಬಿಟ್ಟ ಎಂದು ಕೇಕು ಕತ್ತರಿಸಿದರು. ಕಂತುಗಳು ಬರತೊಡಗಿದ ಮೇಲೆ ಬೀದಿಯ ಹುಡುಗರು ಐಸ್‌ಕ್ರೀಮಿನ ಬಟ್ಟಲಿಗೆ ಚಮಚ ಬಡಿದು ಕಣ್ಣು ಮುಚ್ಚಿ ಮೀಸೆಯವನ ಹಾಗೆ ನಟಿಸತೊಡಗಿದರು. ಕೇಕು ತಿಂದ ಆ ಸಂಜೆಯೇ ಮೊದಲ ಕಂತು ಬಂದದ್ದು, ಅಪ್ಪ ಮೊದಲ ಸಲ ಎದ್ದದ್ದು. ಅವನ ಕೈಯಲ್ಲಿ ಉಳಿದ ಕೇಕಿನ ಪೊಟ್ಟಣ ಇನ್ನೂ ಇತ್ತು.

ಹೆಂಡತಿಗೆ ಹೇಳಿಬಿಡಬೇಕೆಂದು ಎಷ್ಟೋ ಸಲ ಬಾಯಿ ತೆರೆದ. ಅಪ್ಪನಿಗೆ ಬುದ್ಧಿ ಕೆಟ್ಟಿಲ್ಲ ಕಣೇ, ಕರೆದರೆ ಹೋಗುತ್ತಿದ್ದಾರೆ ಅಷ್ಟೇ, ಕರೆಸುತ್ತಿರುವವನು ನಾನು. ಹೇಳಬೇಕಾದದ್ದು ಇಷ್ಟೇ. ಆದರೆ ಇಷ್ಟು ಹೇಳಿದರೆ ಯಾವತ್ತು ಹಿಡಿದದ್ದು ಎಂದು ಕೇಳುತ್ತಾಳೆ. ಹಿಡಿದವರು ಹೋಗಿ ಏನು ಬೇಕಿತ್ತೆಂದು ಕೇಳಲಿಲ್ಲವಾ ಎಂದು ಕೇಳುತ್ತಾಳೆ. ಕೇಳದೆಯೂ ಇರಬಹುದು, ಕಿವಿಯ ಓಲೆ ಸುಮ್ಮನೆ ಅಲ್ಲಾಡಬಹುದು. ಬಿಸಿ ತುಪ್ಪವನ್ನು ಬಾಯಲ್ಲಿಟ್ಟುಕೊಂಡವನ ಹಾಗೆ, ನುಂಗಲಾರದೆ ಉಗುಳಲಾರದೆ, ಇವತ್ತು ಕರೆಂಟು ಬಿಲ್ಲು ಬಂತಾ ಎಂದು ಕೇಳಿ ಎದ್ದು ಹೋಗುತ್ತಿದ್ದ.

ಹೀಗೇ ಎಷ್ಟು ದಿನ ಹೋಗುತ್ತಿತ್ತೋ, ಟೀ ಅಂಗಡಿಯ ಸಂಗತಿ ಆಯಿತು. ಹೆಂಡತಿ ಅಂಗಡಿಯಿಂದ ಬರುವ ಹೊತ್ತು, ಅಪ್ಪ ಎದುರು ಹೋಗಿ ರಸ್ತೆಯ ಈಚೆ ನಿಂತಿದ್ದರಂತೆ. ಆಚೆ ಬದಿಯ ಟೀ ಅಂಗಡಿಯ ಟೀವಿಯಲ್ಲಿ ಹಿಂದಿನ ದಿನದ ಕಂತು. ಟಣ್, ಟಣ್. ಅಪ್ಪ ಬಂದೆ ಬಂದೆ ಎಂದು ರಸ್ತೆಗೆ ಇಳಿದರು. ಲಾರಿಯವನು ಬ್ರೇಕು ಹಾಕಿದ ಸದ್ದು ತನ್ನ ಅಂಗಡಿಯ ಗಾಜಿನ ಬಾಗಿಲೊಳಗೂ ಕೇಳಿಸಿತು ಎಂದಳು ಹೆಂಡತಿ. ಓಡಿ ಹೋದರೆ ಲಾರಿಯ ಮೂತಿಗೂ ಅಪ್ಪನಿಗೂ ನಡುವೆ ಒಂದು ಮೊಳ ಜಾಗ. ಅಪ್ಪ ಅದನ್ನು ನೋಡಿಯೇ ಇಲ್ಲ, ಟೀ ಅಂಗಡಿಯೊಳಗೆ ಬಗ್ಗಿ ನೋಡುತ್ತ, ಎಲ್ಲಿ ಮಲಗಿಸಿದ್ದೀರಿ ಎಂದು ಅಂಗಡಿಯವನನ್ನು ಕೇಳುತ್ತಿದ್ದರು. ಇದನ್ನು ಹೇಳುವಾಗ ಅವಳು ಅಳಲಿಲ್ಲ. ಚಪ್ಪಲಿ ಬಿಚ್ಚದೆ ಅಡುಗೆಮನೆಯಲ್ಲಿ ನಿಂತು ನೀರು ಕುಡಿದು, "ರೀ, ನಿಮ್ಮಕ್ಕನಿಗೆ ಫೋನ್ ಮಾಡಿದ್ದೀನಿ. ಮಾವ ನನ್ನ ಕಣ್ಣೆದುರಿಗೆ ಹೋಗೋದು ಬೇಡ" ಎಂದಳು.

ಅಕ್ಕ ಶಾಲೆಯೊಂದರಲ್ಲಿ ಹೆಡ್ ಮೇಡಂ. ಭಾನುವಾರ ಬಂದಿಳಿಯುವ ಮೊದಲೇ ಫೋನಿನಲ್ಲಿ ಎಲ್ಲ ತೀರ್ಮಾನ ಮಾಡಿಯಾಗಿತ್ತು. ಊರಾಚೆ ಒಂದು ಜಾಗವಿದೆಯಂತೆ, ಹೀಗೆ ಇಲ್ಲದವರ ಜೊತೆ ಮಾತಾಡುವ ವಯಸ್ಸಾದವರನ್ನು ನೋಡಿಕೊಳ್ಳುತ್ತಾರಂತೆ, ತೋಟವಿದೆ, ಹೊತ್ತು ಹೊತ್ತಿಗೆ ಮಾತ್ರೆ ಕೊಡುತ್ತಾರೆ, ಬಾಗಿಲಿಗೆ ಹೊರಗಿನಿಂದ ಬೀಗ. ಬೀಗದ ಮಾತು ಬಂದಾಗ ಅವನು, ಅಪ್ಪನಿಗೆ ಅದೆಲ್ಲ ಬೇಡ ಅಕ್ಕ ಎಂದ. ಯಾಕೆ ಬೇಡ ಎಂದು ಒಂದೇ ಒಂದು ಕಾರಣ ಹೇಳು ಎಂದಳು. ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. ಅವಳು ಮಾಸ್ತರಿಕೆಯ ನ್ಯಾಯದಿಂದ, "ಸರಿ, ಭಾನುವಾರ ನಾನೇ ಕೂತು ನೋಡ್ತೀನಿ. ಅಪ್ಪ ಏಳಲಿಲ್ಲ ಅಂದ್ರೆ ಇಲ್ಲೇ ಇರಲಿ. ಎದ್ದರೆ ಸೋಮವಾರ ನನ್ನ ಜೊತೆ ಬರಲಿ" ಎಂದಳು. ಭಾನುವಾರ ಸ್ಪರ್ಧೆಯ ಕೊನೆಯ ಕಂತು.

ಶನಿವಾರ ಅವನು ಸ್ಪಂಜಿನ ಕೋಣೆಯ ಬಾಗಿಲು ಹಾಕಿಕೊಂಡ. ಕಚೇರಿಯ ಪಿಂಗಾಣಿ ಬಟ್ಟಲು, ಹೊಸ ಚಮಚ, ಟಣ್ ಟಣ್ ಎಂದು ಬೇರೆ ಎರಡು ಪೆಟ್ಟು ಹಿಡಿದ. ಕೊನೆಯ ಕಂತಿನ ತೀರ್ಪುಗಳಿಗೆಲ್ಲ ಅದನ್ನೇ ಕೂರಿಸಿದ. ನಿರ್ದೇಶಕ ಕೇಳಿ ತಲೆದೂಗಿ ಹೋದ, ವ್ಯತ್ಯಾಸ ತಿಳಿಯಲಿಲ್ಲ. ಇಷ್ಟು ದಿನ ಹೊಗಳಿದ್ದು ಏನನ್ನು ಎಂದು ಅವನಿಗೆ ಒಂದು ಗಳಿಗೆ ಸಿಟ್ಟೇ ಬಂತು. ಹಳೆಯ ಕಂತುಗಳು ಮತ್ತೆ ಬರುತ್ತವೆ, ಟೀ ಅಂಗಡಿಗಳಲ್ಲಿ ಬರುತ್ತವೆ, ಅದಕ್ಕೇನು ಮಾಡುವುದು ಎಂದು ತನ್ನೊಳಗಿನಿಂದಲೇ ಯಾರೋ ಕೇಳಿದರು. ಭಾನುವಾರ ದಾಟಲಿ, ಆಮೇಲೆ ನೋಡೋಣ ಎಂದು ಅವರಿಗೆ ಉತ್ತರ ಕೊಟ್ಟ. ಉಳಿದದ್ದು ಮೂಲ ಕಡತ. ಅಳಿಸುವ ಮೊದಲು ಒಂದು ಸಲ ಕೇಳಿಬಿಡೋಣ ಎಂದು ಹೆಡ್‌ಫೋನು ಹಾಕಿಕೊಂಡ. ನೀರಿನ ತೊಟ್ಟು. ಟಣ್, ಟಣ್, ಟಣ್. ಮೂರನೆಯದು ಜಾರಿ ಉಳಿದು ಉಳಿದು ಸಣ್ಣಗಾಯಿತು. ಅದಾದ ಮೇಲೆ, ಇಷ್ಟು ದಿನ ಅಲ್ಲಿಯವರೆಗೆ ಕೇಳುವ ತಾಳ್ಮೆಯೇ ಅವನಿಗೆ ಬಂದಿರಲಿಲ್ಲ, ಮೈಕಿಗೆ ತೀರ ಹತ್ತಿರದಲ್ಲಿ ಒಬ್ಬ ಗಂಡಸು ಶ್ ಎಂದ. ಅದಾದ ಮೇಲೆ ಲೋಟದ ಸದ್ದಿಲ್ಲ, ಬರೀ ತೊಟ್ಟು.

ಆ ಗಂಡಸು ಯಾರೆಂದು ಗುರುತಿಸಲು ಅವನಿಗೆ ಕ್ಷಣ ಹಿಡಿಯಿತು. ಸ್ಟುಡಿಯೋದಲ್ಲಿ ದಿನಕ್ಕೆ ನೂರು ಸಲ ಹುಡುಗರ ಕಡೆ ತಿರುಗಿ ಬೆರಳು ತುಟಿಗಿಟ್ಟು ಹೇಳುವ ಶ್ ಅದು, ಬೈಗುಳವಲ್ಲ, ಕೋಪವಲ್ಲ, ಕೆಲಸದ ಮಾತು. ದನಿಯಿಲ್ಲದ ಮುದುಕಿಗೆ ಸುಮ್ಮನಿರು ಎಂದು ಹೇಳಿದ್ದ. ಅವಳು ಸುಮ್ಮನಾಗಿದ್ದಳು. ನಿದ್ದೆ ಹೋಗಿರಲಿಲ್ಲವೋ ಏನೋ. ಕಣ್ಣು ಮುಚ್ಚಿ ಅವನ ಕೆಲಸ ಮುಗಿಯಲಿ ಎಂದು ಕಾಯುತ್ತಿದ್ದಳೋ ಏನೋ. ಅವನು ಕಡತವನ್ನು ಅಳಿಸಿದ. ಅಳಿಸುವುದು ನಿಜವಾ ಎಂದು ಯಂತ್ರ ಇನ್ನೊಮ್ಮೆ ಕೇಳಿತು, ಹೌದು ಎಂದು ಒತ್ತಿದ. ಮನೆಗೆ ನಡೆದು ಬರುವಾಗ ಬೀದಿಯೆಲ್ಲ ಹತ್ತಿ ತುಂಬಿದ ಹಾಗಿತ್ತು. ಬಸ್ಸು ಹಾದು ಹೋದದ್ದು ಗಾಳಿಯಿಂದ ತಿಳಿಯಿತು.

ಭಾನುವಾರ ಅಕ್ಕ ಬಂದಳು, ಅಪ್ಪನಿಗೆ ಸ್ವೆಟರು ತಂದಿದ್ದಳು, ಅಲ್ಲಿ ಚಳಿಯಂತೆ ಎಂದು ಬಾಯಿ ತಪ್ಪಿ ಹೇಳಿ ನಾಲಿಗೆ ಕಚ್ಚಿಕೊಂಡಳು. ಅಪ್ಪ ಅವಳ ತಲೆ ಸವರಿದರು. ಹೆಂಡತಿಯನ್ನು ಅಡುಗೆಮನೆಗೆ ಕರೆದು, ಯಾವಾಗಿಂದ ಹೀಗೆ ಎಂದು ಅಕ್ಕ ತಗ್ಗಿದ ದನಿಯಲ್ಲಿ ಕೇಳಿದ್ದು ಹಜಾರದಲ್ಲಿದ್ದ ಅವನಿಗೆ ಕೇಳಿಸಿತು. ಡಾಕ್ಟರು ರೋಗಿಯ ಬಗ್ಗೆ ರೋಗಿಯ ಎದುರಿಗೆ ಕೇಳುವ ದನಿ ಅದು. ಈ ಕಾರ್ಯಕ್ರಮ ಶುರುವಾದಾಗಿನಿಂದ ಎಂದಳು ಹೆಂಡತಿ, ಆದರೆ ಅಕ್ಕ ಅದನ್ನು ಹಿಡಿಯಲಿಲ್ಲ. ಟೀವಿ ನೋಡಿ ನೋಡಿಯೇ ಕೆಡುತ್ತದೆ ಎಂದಳು.

ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಕೂತರು. ಅಕ್ಕ ಮಾತ್ರ ಟೀವಿಗೆ ಬೆನ್ನು ಓರೆ ಮಾಡಿ, ಪರೀಕ್ಷೆಯ ಕೊಠಡಿಯಲ್ಲಿ ಕೂತವಳ ಹಾಗೆ ಅಪ್ಪನನ್ನೇ ನೋಡುತ್ತ ಕೂತಳು. ಅಪ್ಪನ ಎಡಗಿವಿ ಕೆಂಪಾಗಿತ್ತು. ಕಂಡಕ್ಟರು ಆಲೂಗಡ್ಡೆಯನ್ನು ಎಣ್ಣೆಗೆ ಬಿಟ್ಟ, ಇಸ್ತ್ರಿಪೆಟ್ಟಿಗೆ ಚುಂಯ್ ಎಂದಿತು, ಮಗಳು ಬೆರಳು ಮಡಚಿದಳು. ನರ್ಸಮ್ಮನ ಸೂಪಿನಲ್ಲಿ ಅವನ ಉಸಿರು ಕುದಿಯಿತು. ಮೀಸೆಯವನು ಬಂದ, ಬಾಯಿಗಿಟ್ಟ, ಕಣ್ಣು ಮುಚ್ಚಿದ. ಚಮಚ ಅಂಚಿಗೆ ತಾಗಿತು. ಟಣ್, ಟಣ್.

ಅಪ್ಪ ಕೂತೇ ಇದ್ದರು. ಅಂಗೈಗಳು ಮಂಡಿಯ ಮೇಲಿಂದ ಅಲ್ಲಾಡಲಿಲ್ಲ.

ಎರಡನೆಯ ತೀರ್ಪಿಗೂ ಏಳಲಿಲ್ಲ. ಅಕ್ಕನ ಭುಜಗಳು ಸಡಿಲವಾದವು. ಹೆಂಡತಿ ಎಷ್ಟೋ ದಿನದ ಮೇಲೆ ಹಿಂದೆ ತಿರುಗಿ ಅವನನ್ನು ನೋಡಿದಳು, ಕಣ್ಣಲ್ಲಿ ನೀರಿತ್ತು, ನಕ್ಕಳು. ಅವಳು ಮಾವನನ್ನು ಕಳಿಸಿ ಕೈ ತೊಳೆದುಕೊಳ್ಳಬೇಕೆಂದವಳಲ್ಲ, ಹೆದರಿದವಳು ಅಷ್ಟೇ ಎಂಬುದು ಆ ನಗುವಿನಲ್ಲಿ ಅವನಿಗೆ ಕಂಡಿತು. ಗೆದ್ದೆ ಎಂದುಕೊಂಡ. ಆಗ ಮಗಳು ಪರದೆಯಿಂದ ಕಣ್ಣು ತೆಗೆಯದೆ, "ಅಪ್ಪ, ಇವತ್ತು ಬೇರೆ ಲೋಟ" ಎಂದಳು. ಅಜ್ಜಿಯ ಲೋಟ ಅಲ್ಲ ಇದು ಎಂದು ಅವಳು ಇನ್ನೂ ಸಣ್ಣಗೆ, ತನಗೇ ಹೇಳಿಕೊಂಡಳು. ಅಷ್ಟರಲ್ಲಿ ವಿಜೇತರನ್ನು ತಿಳಿಯಲು ಕಾಯುತ್ತಿರಿ ಎಂದು ಜಾಹೀರಾತು ಬಂತು, ಅವಳು ರಿಮೋಟು ಒತ್ತಿ ಸದ್ದು ಮುಚ್ಚಿದಳು.

ಸೋಪಿನ ನೊರೆ ಮೂಕವಾಗಿ ಹಾದು ಹೋಯಿತು. ಹಲ್ಲು ತೋರಿಸುವವರು ಹಲ್ಲು ತೋರಿಸಿದರು. ಗೋಡೆ ಗಡಿಯಾರದ ಸದ್ದು, ಅಕ್ಕನ ಬಳೆಯ ಸದ್ದು, ಅಡುಗೆಮನೆಯಲ್ಲಿ ಮುಚ್ಚಳದ ಮೇಲೆ ನಲ್ಲಿಯ ಒಂದು ತೊಟ್ಟು. ಇನ್ನೊಂದು ತೊಟ್ಟು. ಆಮೇಲೆ ಒಳಕೋಣೆಯಿಂದ, ಮೊದಲನೆಯದು ಗಟ್ಟಿ, ಎರಡನೆಯದು ಸ್ವಲ್ಪ ತಡ, ಮೂರನೆಯದು ಅಂಚಿನಲ್ಲಿ ಜಾರಿ ಉದ್ದಕ್ಕೆ.

ಅಕ್ಕ ಫೋನು ನೋಡುತ್ತಿದ್ದಳು. ಹೆಂಡತಿ ದಿಂಬಿನ ನೂಲು ಕೀಳುತ್ತಿದ್ದಳು, ಕಿವಿಯ ಓಲೆ ನೆಟ್ಟಗಿತ್ತು. ಮಗಳು ಕೂಡ ತಲೆ ಎತ್ತಲಿಲ್ಲ. ಅವನ ಬೆರಳು ತಾನಾಗಿ ತುಟಿಯ ಹತ್ತಿರ ಹೋಗಿತ್ತು. ಅಪ್ಪ ಒಬ್ಬರೇ ಬೆತ್ತದ ಕುರ್ಚಿ ಕಿರುಗುಟ್ಟಿಸುತ್ತ ಪೂರ್ತಿ ಹಿಂದಕ್ಕೆ ತಿರುಗಿದರು. ಇಷ್ಟು ದಿನ ಎಲ್ಲರ ಬೆನ್ನ ಹಿಂದೆ ಕೂತಿದ್ದ ಅವನ ಮುಖವನ್ನು ನೇರ ನೋಡಿದರು.

"ಮೂರು," ಎಂದರು. "ನನಗಲ್ಲ."

ಏನಪ್ಪ ಮೂರು ಎಂದು ಅಕ್ಕ ಫೋನು ಕೆಳಗಿಟ್ಟಳು. ಅಪ್ಪನಿಗೆ ಮಾತು ಕೇಳುವುದಿಲ್ಲವಲ್ಲ. ಅವರು ಅವನ ಮೇಲಿಂದ ಕಣ್ಣು ಕೀಳಲಿಲ್ಲ.

"ಹೋಗೋ," ಎಂದರು. ದನಿಯಲ್ಲಿ ಕೋಪವಿರಲಿಲ್ಲ, ಅದೇ ಕಷ್ಟ. "ಅವತ್ತಿನಿಂದ ನಿನ್ನನ್ನೇ ಕರೀತಿರೋದು. ನೀನು ಬರಲ್ಲ ಅಂತ ನಾನು ಹೋಗ್ತಿದ್ದೆ."

ಮತ್ತೆ ಬಂತು. ಈ ಸಲ ಮೂರನೆಯದು ಇನ್ನೂ ಸೋತಿತ್ತು. ಅವನು ಎದ್ದ, ಕುರ್ಚಿ ಹಿಂದಕ್ಕೆ ಬಿತ್ತು. ಬಂದೆ, ಬಂದೆ ಎಂದ ದನಿ ಅಪ್ಪನದೇ ಇರಬೇಕೆಂದು ಅವನಿಗೆ ಅನ್ನಿಸಿತು, ಅದು ತನ್ನ ಬಾಯಿಂದ ಬಂದದ್ದೆಂದು ಆಮೇಲೆ ತಿಳಿಯಿತು. ಗೋಡೆ ಹಿಡಿದು ಹೋದ. ಅಪ್ಪನ ಕೈಯಿಂದ ಎಣ್ಣೆಗಟ್ಟಿದ ಜಾಗಗಳೇ ತನ್ನ ಕೈಗೂ ಸಿಕ್ಕವು. ಕೋಣೆಯಲ್ಲಿ ಸಂಜೆಯ ಬೆಳಕು ಇನ್ನೂ ಇತ್ತು. ಸುತ್ತಿಟ್ಟ ಹಾಸಿಗೆ, ಹೊಲಿಗೆ ಯಂತ್ರ, ಕಿಟಕಿಯ ಮೇಲೆ ಬೋರಲಾದ ಲೋಟ, ಅದರ ಮೇಲೆ ಧೂಳು. ಧೂಳಿನಲ್ಲಿ ಬೆರಳಿನ ಗುರುತೇನೂ ಇರಲಿಲ್ಲ. ಅವನು ಮಂಚದ ಪಕ್ಕ ಮಂಡಿಯೂರಿ, ದಿಂಬು ಇರುತ್ತಿದ್ದ ಜಾಗಕ್ಕೆ ಕಿವಿ ತಂದು, "ಏನು ಬೇಕಿತ್ತಮ್ಮ?" ಎಂದು ಕೇಳಿದ.

ಹಜಾರದಲ್ಲಿ ಜಾಹೀರಾತು ಮುಗಿದು ಸಂಗೀತ ಜೋರಾಗಿ ಶುರುವಾಯಿತು, ಗೆದ್ದವರ ಹೆಸರು ಹೇಳುವ ಹೊತ್ತು. ಅದರ ಹಿಂದೆಯೇ ಯಾರೋ ಸದ್ದನ್ನು ಇಳಿಸಿದರು, ಒಂದೊಂದೇ ಮೆಟ್ಟಿಲು. ಹೆಂಡತಿಯ ಕೈ ಅದೆಂದು ಅವನಿಗೆ ಗೊತ್ತು. ಆಮೇಲೆ ಅಕ್ಕನ ತಗ್ಗಿದ ದನಿ, ಡಾಕ್ಟರ ದನಿ, ಬಾಗಿಲ ಹತ್ತಿರವೇ ಬಂತು: "ಇವನಿಗೆ ಯಾವಾಗಿಂದ ಹೀಗೆ?"

ಅವನು ತಿರುಗಿ, ಬೆರಳು ತುಟಿಗಿಟ್ಟು, ಬಾಗಿಲಲ್ಲಿ ನಿಂತವರಿಗೆ ಶ್ ಎಂದ. ಅಮ್ಮ ಹೇಳುವುದು ಇನ್ನೂ ಮುಗಿದಿರಲಿಲ್ಲ.